ಆರರಿಂದ ಹತ್ತರವರೆಗೆ

ಮಾರ್ಚ್ ೪, ಸೋಮವಾರ

ಹೆಂಡತಿಯ ಒತ್ತಾಯಕ್ಕೆ ಬರೆಯಲು ಕೂತಿದ್ದೇನೆ. "ಕೆಲಸದಿಂದ ಬಂದ್ಮೇಲೆ ಗೋಡೆ ನೋಡ್ಕೊಂಡು ಕೂತಿರ್ತೀರಿ. ನನ್ನ ಹತ್ರ ಮಾತಾಡೋಕೆ ಆಗ್ದಿದ್ರೆ ಬೇಡ, ಇದರ ಹತ್ರ ಆದ್ರೂ ಮಾತಾಡಿ" ಎಂದು ಈ ಡೈರಿಯನ್ನು ಮೇಜಿನ ಮೇಲೆ ಇಟ್ಟು ಹೋದಳು. ತಾನು ಓದುವುದಿಲ್ಲವಂತೆ. ಓದಿದರೂ ಇದರಲ್ಲಿ ಏನು ಸಿಗುತ್ತದೆ, ಮಣ್ಣು.

ಇವತ್ತು ಆಫೀಸಿನ ಕಂಪ್ಯೂಟರಿನಲ್ಲಿ ಒಂದು ರೂಲ್ ಬರೆದೆ. ಹನ್ನೊಂದು ಸಾಲು. ಸಂಜೆ ಆರರಿಂದ ಹತ್ತರವರೆಗೆ, ಬೇರೆ ಕಂಪನಿಗಳ ಆ್ಯಪ್‌ಗಳಲ್ಲಿ ಜನ ಮಾಡುವ ವಿಡಿಯೊ ಕರೆಗಳು ನಮ್ಮ ಕಂಪನಿಯ ಇಂಟರ್ನೆಟ್ ಲೈನಿನಲ್ಲಿ ನಿಧಾನವಾಗಿ ಹೋಗಬೇಕು. ಪೂರ್ತಿ ನಿಲ್ಲಿಸುವುದಲ್ಲ, ನಲ್ಲಿಯನ್ನು ಮುಕ್ಕಾಲು ತಿರುಗಿಸಿ ಬಿಟ್ಟ ಹಾಗೆ. ಧ್ವನಿ ಸರಾಗವಾಗಿ ಹೋಗುತ್ತದೆ, ಚಿತ್ರ ಮಾತ್ರ ಒಡೆಯುತ್ತದೆ. ಸದ್ಯದಲ್ಲೇ ನಮ್ಮದೇ ವಿಡಿಯೊ ಆ್ಯಪ್ ಬರುತ್ತಿದೆ. ಅದರಲ್ಲಿ ಚಿತ್ರ ಚೆನ್ನಾಗಿರುತ್ತದೆ.

"ಸಂಜೆ ಹೊತ್ತು ಲೈನ್ ತುಂಬಿಹೋಗುತ್ತೆ, ಎಲ್ಲರಿಗೂ ಸಮನಾಗಿ ಸಿಗಲಿ ಅಂತ ಮಾಡ್ತಿರೋದು" ಎಂದರು ಮ್ಯಾನೇಜರ್. ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೊರಗೆ ಬಾಯಿ ಬಿಡುವುದಿಲ್ಲವೆಂದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಇಂಥ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೇನೋ. ಮಧ್ಯಾಹ್ನ ಮೂರೂವರೆಗೆ ಚಾಲೂ ಮಾಡಿದೆ. ಸೊಂಟ ಹಿಡಿದುಕೊಂಡಿದೆ.

ಮಾರ್ಚ್ ೧೦, ಭಾನುವಾರ

ಭಾನುವಾರ ಸಂಜೆ ಏಳಕ್ಕೆ ಅಕ್ಕನ ಕರೆ. ಇದು ಎಂಟು ವರ್ಷದಿಂದ ತಪ್ಪಿಲ್ಲ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ನಾನು ಅವಳಿಗಿಂತ ಆರು ವರ್ಷ ಚಿಕ್ಕವನು, ಬಾಯಿ ಮಾತು ಬರುವ ಮೊದಲೇ ನನಗೆ ಅವಳ ಸನ್ನೆ ಬಂತು ಎಂದು ಅಮ್ಮ ಹೇಳುತ್ತಿದ್ದಳು. ಅಂಗಡಿ, ಆಸ್ಪತ್ರೆ, ಕೊನೆಗೆ ಅವಳಿಗೆ ಗಂಡು ನೋಡಲು ಬಂದಾಗಲೂ ನಡುವೆ ನಿಂತು ಮಾತು ದಾಟಿಸಿದವನು ನಾನೇ. ಈಗ ಭಾವ ಇಲ್ಲ. ರೈಲಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ, ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ, ಒಬ್ಬಳೇ ಇದ್ದಾಳೆ.

ಇವತ್ತು ಅವಳ ಕೈ ಒಡೆದುಹೋಯಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು, ಮತ್ತೆ ನೋಡಿದರೆ ಮಡಿಲಿನಲ್ಲಿತ್ತು. ನಡುವೆ ಏನು ಹೇಳಿದಳೋ. ಬೆರಳುಗಳ ಜಾಗದಲ್ಲಿ ಬೂದು ಬಣ್ಣದ ಚೌಕಗಳು.

ಆ ಹನ್ನೊಂದು ಸಾಲು ಬರೆಯುವಾಗ ಅಕ್ಕನ ನೆನಪು ಒಮ್ಮೆಯೂ ಬಂದಿರಲಿಲ್ಲ. ಅವಳ ಲೈನು ನಮ್ಮ ಕಂಪನಿಯದೇ, ನಾನೇ ಹಾಕಿಸಿಕೊಟ್ಟಿದ್ದು.

"ಲೈನ್ ಸರಿ ಇಲ್ಲ" ಎಂದು ಸನ್ನೆ ಮಾಡಿದೆ. ಅದೂ ಅವಳಿಗೆ ಕಾಣಿಸಿತೋ ಇಲ್ಲವೋ.

ಮಾರ್ಚ್ ೧೩, ಬುಧವಾರ

ದೂರು ವಿಭಾಗದ ಹೆಂಗಸೊಬ್ಬಳನ್ನು ಇಡೀ ಆಫೀಸು 'ಕ್ಷಮಿಸಿ' ಎಂದೇ ಕರೆಯುತ್ತದೆ. ದಿನಕ್ಕೆ ಇನ್ನೂರು ಸಲ ಫೋನಿನಲ್ಲಿ ಆ ಮಾತು ಹೇಳುತ್ತಾಳೆ. ಗಂಡನಿಗೆ ಮಾತ್ರ ಇದುವರೆಗೆ ಒಂದು ಸಲವೂ ಹೇಳಿಲ್ಲ ಎಂದು ತಾನೇ ನಗುತ್ತಾಳೆ.

ಕ್ಯಾಂಟೀನಿನಲ್ಲಿ ಎದುರು ಬಂದು ಕೂತಳು. "ಸಂಜೆ ವಿಡಿಯೊ ಕಾಲ್ ದೂರು ಮೂರು ಪಟ್ಟಾಗಿದೆ. ಮೇಲಿನವರು ಏನಾದ್ರೂ ಮಾಡಿದ್ದೀರಾ ಸರ್?"

"ನನಗೆ ಗೊತ್ತಿಲ್ಲಮ್ಮ."

"ಮೊಡೆಮ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳೋಕೆ ಬರೆದುಕೊಟ್ಟಿದ್ದಾರೆ. ನಿನ್ನೆ ಒಬ್ರು ವಯಸ್ಸಾದವರು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದ್ರು. ನಾಲ್ಕು ಸಲಾನೂ ನನಗೆ ಥ್ಯಾಂಕ್ಸ್ ಹೇಳಿದ್ರು."

ಟೀ ತಣ್ಣಗಾಗಿತ್ತು. ಕುಡಿದೆ.

ಮಾರ್ಚ್ ೧೭, ಭಾನುವಾರ

ಅಕ್ಕ ಮೊಬೈಲನ್ನು ಕಣ್ಣಿಗೆ ತೀರ ಹತ್ತಿರ ಹಿಡಿದಿದ್ದಳು. ಪರದೆಯ ತುಂಬ ಅವಳ ಹಣೆ. ನಿಧಾನ, ಒಂದೊಂದೇ ಸನ್ನೆ ಬಿಡಿಸಿ ಹೇಳಿದಳು. "ನನ್ನ ಕಣ್ಣು ಹೋಗ್ತಾ ಇದೆ ಕಣೋ. ನಿನ್ನ ಕೈ ಮಂಜು ಮಂಜು. ಸಂಜೆ ಆದ್ರೆ ಸಾಕು, ಎಲ್ಲರ ಕೈಯೂ ಹಾಗೇ ಕಾಣುತ್ತೆ."

ಹೇಳಬಹುದಿತ್ತು. ದಣಿವಾಗಿತ್ತು. ಆ ಸಹಿ ಹಾಕಿದ ಕಾಗದವೂ ನೆನಪಾಯಿತು. ಡಾಕ್ಟರಿಗೆ ತೋರಿಸು ಎಂದೆ.

ಮಾರ್ಚ್ ೨೪, ಭಾನುವಾರ

ತೋರಿಸಿದ್ದಾಳೆ. ಬಲಗಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಆಪರೇಷನ್‌ಗೆ ಇನ್ನೂ ನಾಲ್ಕೈದು ವರ್ಷ ಕಾಯಬಹುದು ಎಂದರಂತೆ ಡಾಕ್ಟರು. ಇವಳು ಕೇಳುವವಳಲ್ಲ. ಈಗಲೇ ಮಾಡಿ ಎಂದು ಹಟ ಹಿಡಿದಿದ್ದಾಳೆ. ಸದ್ಯಕ್ಕೆ ಕಣ್ಣಿಗೆ ಹಾಕಲು ಔಷಧಿ ಕೊಟ್ಟು ಸಮಾಧಾನ ಮಾಡಿ ಕಳಿಸಿದ್ದಾರೆ.

"ಕಿವಿ ಇಲ್ದೆ ಐವತ್ತೆಂಟು ವರ್ಷ ಬದುಕಿದೆ, ಒಂದು ದಿನಾನೂ ಅತ್ತಿಲ್ಲ" ಎಂದಳು. ಇದನ್ನು ಮೂರು ಸಲ ಹೇಳಬೇಕಾಯಿತು, ಚಿತ್ರ ನಿಂತು ನಿಂತು ಬರುತ್ತಿತ್ತು. "ಕಣ್ಣೂ ಹೋದ್ರೆ ನಾನು ಯಾರ ಹತ್ರ ಮಾತಾಡಲಿ? ಗೋಡೆ ಸವರಿಕೊಂಡು ಕೂರಲಾ?"

ಹೆಂಡತಿ ನನ್ನ ಹಿಂದೆ ನಿಂತು ನೋಡುತ್ತಿದ್ದಳು. ಅವಳಿಗೆ ಸನ್ನೆ ಅಷ್ಟಿಷ್ಟೇ ಬರುವುದು. "ಏನಂತೆ?" ಎಂದಳು.

"ಕಣ್ಣಿನ ವಿಷಯ" ಎಂದೆ.

ಮಾರ್ಚ್ ೨೫, ಸೋಮವಾರ

ಈ ರೂಲಿಗೆ ಒಂದು ವಿನಾಯಿತಿ ಪಟ್ಟಿ ಇದೆ. ಅದರಲ್ಲಿರುವ ಲೈನುಗಳಿಗೆ ಯಾವ ಅಡ್ಡಿಯೂ ಇಲ್ಲ. ಹತ್ತೊಂಬತ್ತು ಲೈನು, ಎಲ್ಲ ದೊಡ್ಡವರ ಮನೆಯದು. ಮ್ಯಾನೇಜರರದೂ ಇದೆ. ಎಲ್ಲರಿಗೂ ಸಮ!

ಊಟಕ್ಕೆ ಎಲ್ಲರೂ ಎದ್ದ ಮೇಲೆ ಎರಡು ಲೈನು ಸೇರಿಸಿದೆ. ಅಕ್ಕನದು, ನನ್ನ ಮನೆಯದು. ಕರೆಯ ಎರಡೂ ತುದಿ ಸರಿಯಿದ್ದರೇ ಚಿತ್ರ ಸರಿ ಬರುವುದು. ಯಾರಿಗೂ ಗೊತ್ತಾಗುವುದಿಲ್ಲ. ಮುಗಿಯಿತು.

ಮಾರ್ಚ್ ೩೧, ಭಾನುವಾರ

ಅಕ್ಕನ ಮುಖ ಊರಗಲ. ಬಳೆಯ ಮೇಲಿನ ಗೀರು ಕೂಡ ಕಾಣುತ್ತಿತ್ತು. "ಔಷಧಿ ಕೆಲಸ ಮಾಡ್ತು! ಆ ಡಾಕ್ಟರ್ ಕೈ ಚಿನ್ನ!" ಎಂದಳು. ಆಪರೇಷನ್ ಮಾತೇ ಎತ್ತಲಿಲ್ಲ. ಒಂದು ಗಂಟೆ ಊರಿನವರ ಚಾಡಿ ಹೇಳಿ ನಗಿಸಿದಳು.

ಚೆನ್ನಾಗಿ ನಿದ್ದೆ ಬರುತ್ತದೆ ಎಂದುಕೊಂಡಿದ್ದೇನೆ.

ಏಪ್ರಿಲ್ ೭, ಭಾನುವಾರ

ತನ್ನ ಆರು ಜನ ಸ್ನೇಹಿತೆಯರನ್ನು ಅಕ್ಕ ಅದೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ! ಆರೂ ಜನ ಕಿವಿ ಕೇಳದವರು, ಆರೂ ಜನರಿಗೆ ಸಂಜೆ ಹೊತ್ತು ಕೈ ಮಂಜಾಗಿ ಕಾಣುತ್ತದೆಯಂತೆ. ಆರು ಜನರ ಕಣ್ಣಿನಲ್ಲೂ ಏನೂ ಇಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರಂತೆ.

ನಗು ಬರಬೇಕಿತ್ತು.

ಮೇಷ್ಟ್ರ ವಿಷಯವನ್ನೂ ಹೇಳಿದಳು. ಮೇಷ್ಟ್ರು ಎಂದರೆ ಮೀಸೆ ತಿರುವುವ ಸನ್ನೆ. ಅಕ್ಕನಿಗೆ ಶಾಲೆಯಲ್ಲಿ ಪಾಠ ಹೇಳಿದವರು, ಅವರಿಗೂ ಕಿವಿ ಕೇಳಿಸದು, ಈಗ ಎಪ್ಪತ್ತೊಂಬತ್ತು. ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ, ಮಂಡಿ ನೋವಿನಿಂದ ಕೆಳಗೆ ಇಳಿಯುವುದು ಅಪರೂಪ. ದಿನಾ ಸಂಜೆ ಎಂಟಕ್ಕೆ ವಿಡಿಯೊದಲ್ಲಿ ನಲವತ್ತು ಜನರನ್ನು ಸೇರಿಸಿ ಅಂದಿನ ಸುದ್ದಿಯನ್ನು ಕೈಯಲ್ಲಿ ಹೇಳುತ್ತಾರೆ. ಪೇಪರು ಓದಲು ಬಾರದ ಎಷ್ಟೋ ಜನರಿಗೆ ಅದೇ ಪೇಪರು. ಅದು ನಿಂತು ಎರಡು ವಾರವಾಯಿತಂತೆ. "ನಿಮ್ಮ ಕೈ ಸ್ಪಷ್ಟ ಇಲ್ಲ ಮೇಷ್ಟ್ರೇ" ಎಂದು ಒಬ್ಬರು, ಇನ್ನೊಬ್ಬರು, ಎಲ್ಲರೂ ಹೇಳಿದರು. ತಮ್ಮ ಕೈಯೇ ಕೆಟ್ಟಿತು, ವಯಸ್ಸಾಯಿತು ಎಂದುಕೊಂಡು ಅವರು ನಿಲ್ಲಿಸಿಬಿಟ್ಟರು.

ಅಕ್ಕ ಮೆಟ್ಟಿಲು ಹತ್ತಿ ನೋಡಲು ಹೋದರೆ ಅವರು ಬಾಗಿಲು ತೆರೆದು, ಎರಡೂ ಕೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡು ನಿಂತರಂತೆ. ಅವಳು ಏನು ಕೇಳಿದರೂ ಹೊರಗೆ ತೆಗೆಯಲಿಲ್ಲವಂತೆ.

ಏಪ್ರಿಲ್ ೧೪, ಭಾನುವಾರ

ಅಕ್ಕ ದಡ್ಡಿಯಲ್ಲ. ಸೂಜಿಗೆ ದಾರ ಪೋಣಿಸುವವಳು.

"ಒಂದೇ ಮೊಬೈಲು, ಒಂದೇ ಕಣ್ಣು" ಎಂದಳು. "ಈಗ ನಿನ್ನ ಕೈ ಚೆನ್ನಾಗಿ ಕಾಣುತ್ತೆ. ಅರ್ಧ ಗಂಟೆ ಮುಂಚೆ ಗೆಳತಿ ಕೈ ಮಂಜು. ಅವಳದೇ ಕೈ ಬೆಳಗ್ಗೆ ನಿಚ್ಚಳ. ಇದು ಕಣ್ಣಿನ ರೋಗಾನಾ? ಗಡಿಯಾರ ನೋಡ್ಕೊಂಡು ಬರೋ ರೋಗ ಇದೆಯಾ?"

ನಾನು ಪರದೆ ಒರೆಸುವ ನೆಪ ಮಾಡಿದೆ.

"ನೀನು ಅಲ್ಲೇ ತಾನೇ ಕೆಲಸ ಮಾಡೋದು?"

"ವಿಚಾರಿಸ್ತೀನಿ."

ಅವಳು ಪರದೆಯಲ್ಲಿ ನನ್ನ ಮುಖವನ್ನೇ ನೋಡುತ್ತ ಕೂತಳು. ಚಿತ್ರ ನಿಂತುಹೋಗಿದೆ ಎಂದುಕೊಂಡೆ. ನಿಂತಿರಲಿಲ್ಲ.

ಏಪ್ರಿಲ್ ೧೬, ಮಂಗಳವಾರ

ಮ್ಯಾನೇಜರರ ಕೋಣೆಗೆ ಹೋದೆ. ಕಿವಿ ಕೇಳದವರಿಗೆ ವಿಡಿಯೊ ಎಂದರೆ ಮಾತು, ಅವರ ಲೈನುಗಳನ್ನಾದರೂ ಪಟ್ಟಿಗೆ ಸೇರಿಸೋಣ ಎಂದೆ. ಅಕ್ಕನ ಸುದ್ದಿ ಎತ್ತಲಿಲ್ಲ.

"ಒಳ್ಳೆ ಮನಸ್ಸು ನಿಮ್ಮದು" ಎಂದರು. "ಆದ್ರೆ ಯೋಚನೆ ಮಾಡಿ. ವಿನಾಯಿತಿ ಬೇಕಾದವರು ಅರ್ಜಿ ಹಾಕಿ ಅಂತ ನಾವು ಹೇಳಿದ್ರೆ, ಯಾವುದರಿಂದ ವಿನಾಯಿತಿ ಅಂತ ಜನ ಕೇಳಲ್ವಾ? ಇಲ್ಲದೇ ಇರೋ ರೂಲ್‌ಗೆ ವಿನಾಯಿತಿ ಹೇಗೆ ಕೊಡೋದು?"

"ರೂಲ್ ಇದೆಯಲ್ಲ ಸರ್."

"ನಿಮಗೆ ಗೊತ್ತು, ನನಗೆ ಗೊತ್ತು." ನಕ್ಕರು. "ರಜೆ ತಗೊಳ್ಳಿ ಎರಡು ದಿನ. ತುಂಬಾ ಸುಸ್ತಾಗಿ ಕಾಣ್ತಿದ್ದೀರಿ."

ಅದು ನಿಜ.

ಏಪ್ರಿಲ್ ೨೦, ಶನಿವಾರ

ರೈಲು ಹತ್ತಿ ಅಕ್ಕನ ಊರಿಗೆ ಬಂದೆ. ಇದನ್ನು ಪರದೆಯಲ್ಲಿ ಹೇಳಲು ಮನಸ್ಸಾಗಲಿಲ್ಲ.

ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಹೇಳದೆ ಬಂದದ್ದಕ್ಕೆ ಖುಷಿ. ಎದ್ದು ಬರುವಷ್ಟರಲ್ಲಿ ನಾನು ಶುರು ಮಾಡಿಬಿಟ್ಟೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಹನ್ನೊಂದು ಸಾಲು, ಆರರಿಂದ ಹತ್ತು, ಪಟ್ಟಿ, ಕಣ್ಣಿನ ಔಷಧಿ. ಅವಸರಕ್ಕೆ ಎರಡು ಮೂರು ಸನ್ನೆ ತಪ್ಪಿದವು. ಅವಳು ತಿದ್ದಲಿಲ್ಲ. ಸಾಮಾನ್ಯವಾಗಿ ತಿದ್ದುತ್ತಾಳೆ.

"ಯಾರು ಬರೆದಿದ್ದು?"

"ನಾನು."

"ಬರೆಯೋವಾಗ ನನ್ನ ನೆನಪು ಬರ್ಲಿಲ್ವಾ?"

"ಇಲ್ಲ."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೀದಿಯಲ್ಲಿ ಗಾಡಿಗಳ ಹಾರ್ನು ನನಗೆ ಮಾತ್ರ ಕೇಳುತ್ತಿತ್ತು.

"ಹೊರಗಿನವರು ಕೈಕೊಟ್ರೆ ನಂಗೇನೂ ಅನ್ಸಲ್ಲ, ಅಭ್ಯಾಸ ಇದೆ" ಎಂದಳು ಕೊನೆಗೆ. "ಮೇಷ್ಟ್ರು ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ರು. ನಾನು ಅದನ್ನ ನಿನಗೆ ಹೇಳ್ದೆ. ಆಗ್ಲೂ ನೀನು ಸುಮ್ನಿದ್ದೆ."

ಹೊರಡುವಾಗ ಬಾಗಿಲ ತನಕ ಬಂದಳು. "ಮೊದಲು ನನ್ನನ್ನ ಆ ಲಿಸ್ಟಿಂದ ತೆಗಿ. ಎಲ್ಲರಿಗೂ ಮಂಜಾದ್ರೆ ನಂಗೂ ಮಂಜೇ ಇರಲಿ."

ಏಪ್ರಿಲ್ ೨೨, ಸೋಮವಾರ

ತೆಗೆದೆ. ಎರಡೂ. ಮತ್ತೆ ಹತ್ತೊಂಬತ್ತು.

ಏಪ್ರಿಲ್ ೨೮, ಭಾನುವಾರ

ಏಳು ಗಂಟೆ. ಏಳೂವರೆ. ಕರೆ ಬರಲಿಲ್ಲ.

ಮೇ ೫, ಭಾನುವಾರ

ಬರಲಿಲ್ಲ. ಇವತ್ತು ಹೆಂಡತಿ ಬಿಡಲಿಲ್ಲ, ಕೂರಿಸಿ ಕೇಳಿದಳು. ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಅದಕ್ಕೇ ಎರಡು ತಿಂಗಳಿಂದ ಅನ್ನ ಸೇರ್ತಿಲ್ಲ ನಿಮಗೆ" ಎಂದಳು, ಅಷ್ಟೇ.

ಮೇ ೨೩, ಗುರುವಾರ

ಅಕ್ಕನ ಊರಿನ ಕಿವುಡರ ಸಂಘ ಗ್ರಾಹಕರ ದೂರು ಆಯೋಗಕ್ಕೆ ಬರೆದಿದೆ. ಕಂಪನಿಯ ಉತ್ತರದ ಕರಡು ಇವತ್ತು ನಮ್ಮ ವಿಭಾಗಕ್ಕೂ ಬಂತು. 'ಇಂತಹ ಯಾವುದೇ ನಿಯಮ ಜಾರಿಯಲ್ಲಿರುವುದಿಲ್ಲ. ತೊಂದರೆಯು ದೂರುದಾರರ ಉಪಕರಣಗಳಲ್ಲಿರಬಹುದು.' ತಾಂತ್ರಿಕ ವಿಭಾಗ ನೋಡಿದೆ ಎಂಬ ಕಡೆ ಸಹಿ ಬೇಕಂತೆ.

ತಲೆನೋವು ಎಂದು ಹೇಳಿ ಮನೆಗೆ ಬಂದೆ. ನಾಳೆ ಬೇರೆ ಯಾರಾದರೂ ಹಾಕುತ್ತಾರೆ. ಕಂಪನಿಗೆ ಸಹಿ ಮಾಡುವವರು ಸಿಗದೆ ಹೋಗುವುದಿಲ್ಲ. ದೂರಿನಲ್ಲಿ ನನ್ನ ಸುದ್ದಿಯೇ ಇಲ್ಲ. ಅಕ್ಕ ಒಂದು ಅಕ್ಷರವನ್ನೂ ಹೇಳಿಲ್ಲ.

ಜೂನ್ ೧೧, ಮಂಗಳವಾರ

ಒಂದೂವರೆ ತಿಂಗಳ ನಂತರ ಅಕ್ಕನ ಮೆಸೇಜು. ನಾಳೆ ವಿಚಾರಣೆ, ನಮ್ಮ ಊರಿನಲ್ಲೇ. ಆಯೋಗ ಗೊತ್ತುಮಾಡಿದ್ದ ದುಭಾಷಿಗೆ ಜ್ವರ, ಬೇರೆಯವರು ಸಿಗುವ ತನಕ ಕಾದರೆ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ. 'ನೀನು ಬಾ. ನನ್ನ ಮಾತು ದಾಟಿಸು. ನಿನ್ನ ಮಾತು ಬೇಡ. ನಿನ್ನ ಕೆಲಸ ಉಳೀಲಿ.'

ರಜೆ ಬರೆದುಕೊಟ್ಟೆ. ಕಾರಣ: ಮನೆಕೆಲಸ.

ಜೂನ್ ೧೨, ಬುಧವಾರ

ಸಣ್ಣ ಕೋಣೆ, ಉದ್ದ ಮೇಜು, ಜೋರಾಗಿ ತಿರುಗುವ ಫ್ಯಾನು. ಅಧ್ಯಕ್ಷೆ ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಗಟ್ಟಿ ಹೆಂಗಸು. ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತ. ಕಂಪನಿಯ ವಕೀಲರು ನನ್ನನ್ನು ಹಿಂದೆಂದೂ ನೋಡಿದವರಲ್ಲ. ಸಂಬಂಧ ಎಂಬ ಕಡೆ 'ತಮ್ಮ' ಎಂದು ಬರೆಸಿದೆ. ಉದ್ಯೋಗ ಯಾರೂ ಕೇಳಲಿಲ್ಲ.

ವಕೀಲರು ಮಾತಾಡಿದರು, ನಾನು ಕೈಯಲ್ಲಿ ಹೇಳುತ್ತ ಹೋದೆ. "ವಿಡಿಯೊ ಅನ್ನೋದು ಒಂದು ಸೌಕರ್ಯ, ಮೇಡಂ. ಮಾತಾಡೋದಕ್ಕೆ ಎಲ್ಲೂ ಅಡ್ಡಿ ಆಗಿಲ್ಲ. ಒಂದು ಕ್ಷಣವೂ ಧ್ವನಿ ನಿಂತಿಲ್ಲ. ಅಷ್ಟಕ್ಕೂ ಅಂಥ ರೂಲೇ ಇಲ್ಲ."

ಅಕ್ಕ ಎದ್ದು ನಿಂತಳು. ಅವಳ ಕೈ ಹೇಳಿದ್ದನ್ನು ನನ್ನ ಬಾಯಿ ಹೇಳಿತು. "ಇವರು ಹೇಳೋ ಧ್ವನಿ ನಾನು ಹುಟ್ಟಿದಾಗಿಂದ ಕೇಳಿಲ್ಲ. ಅದು ಬಂದ್ರೂ ಒಂದೇ, ಬರದಿದ್ರೂ ಒಂದೇ. ನಿಮ್ಮ ನಾಲಿಗೆ ಮೇಲೆ ದಿನಾ ಸಂಜೆ ಯಾರೋ ಬೆರಳಿಟ್ಟು ಒತ್ತಿ ಹಿಡಿದ್ರೆ, ನಿಮ್ಮ ಕಿವಿ ಸರಿ ಇದೆಯಲ್ಲ ಅಂತ ಹೇಳ್ತೀರಾ? ನನ್ನ ಕಣ್ಣು ಹೋಯ್ತು ಅಂತ ನಾನು ಹೆದರಿದೆ. ನಮ್ಮ ಮೇಷ್ಟ್ರು ತಮ್ಮ ಕೈ ಹೋಯ್ತು ಅಂತ ಸುಮ್ಮನಾದ್ರು. ತಪ್ಪು ನಮ್ಮಲ್ಲೇ ಇರಬೇಕು ಅಂತ ನಲವತ್ತು ಜನ ನಂಬಿದ್ವಿ. ನಾವು ಹಾಗೆ ನಂಬೋದು ಸುಲಭ, ಚಿಕ್ಕಂದಿನಿಂದ ಅದನ್ನೇ ಹೇಳ್ಕೊಟ್ಟಿದ್ದಾರೆ."

ಗುಮಾಸ್ತನ ಬೆರಳು ನಿಂತಿತ್ತು. ಅಧ್ಯಕ್ಷೆ ಕನ್ನಡಕ ಕೆಳಗಿಳಿಸಿದರು.

"ಅಮ್ಮ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ರೂಲ್ ಇಲ್ಲ ಅಂತಾರೆ ಅವರು. ಇದೆ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?"

ನಾನು ದಾಟಿಸಿದೆ. ಅಕ್ಕ ನನ್ನನ್ನು ನೋಡಿದಳು. ಕೈ ತೋರಿಸಿದ್ದರೆ ಸಾಕಿತ್ತು, ನಾನು ಪಕ್ಕದಲ್ಲೇ ಇದ್ದೆ. "ನಮ್ಮ ಹತ್ರ ಏನೂ ಇಲ್ಲ" ಎಂದು ಸನ್ನೆ ಮಾಡಿ ಕೂತಳು. ಎರಡೂ ಕೈಯನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ನಮ್ಮ ಹತ್ರ ಏನೂ ಇಲ್ಲ" ಎಂದೆ.

ಆಮೇಲೆ ಎಂದೆ, "ಇದೆ. ಆ ರೂಲ್ ಬರೆದಿದ್ದು ನಾನು. ಮಾರ್ಚ್ ನಾಲ್ಕು, ಮಧ್ಯಾಹ್ನ ಮೂರೂವರೆ. ಹನ್ನೊಂದು ಸಾಲು. ಹತ್ತೊಂಬತ್ತು ಲೈನಿಗೆ ವಿನಾಯಿತಿ ಇದೆ."

ಗುಮಾಸ್ತ ತಬ್ಬಿಬ್ಬಾದ. "ನಾನು ಅಂದ್ರೆ ಯಾರು ಅಂತ ಹಾಕಲಿ ಮೇಡಂ? ಈಯಮ್ಮನಾ?"

ಅಧ್ಯಕ್ಷೆ ನನ್ನ ಕಡೆ ತಿರುಗಿದರು. "ಇದನ್ನ ಅವರು ಹೇಳಿದ್ರಾ?"

"ಇಲ್ಲ ಮೇಡಂ. ಅವರ ಕೈ ಸುಮ್ನಿದೆ. ಇದು ನನ್ನ ಮಾತು. ನಾನು ಆ ಕಂಪನಿಯಲ್ಲೇ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡೋನು."

"ಇವರು ದುಭಾಷಿ, ಸಾಕ್ಷಿ ಅಲ್ಲ!" ವಕೀಲರು ಎದ್ದು ನಿಂತಿದ್ದರು.

"ಕೂತ್ಕೊಳ್ಳಿ. ಸಾಕ್ಷಿ ಮಾಡ್ಕೋತೀನಿ" ಎಂದರು ಅಧ್ಯಕ್ಷೆ.

ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. "ನಾನು ಏನೂ ಹೇಳ್ತಿರ್ಲಿಲ್ಲ. ನಿನ್ನ ಬಾಯಿ ಯಾಕೆ ಆಡ್ತಿತ್ತು? ಏನಂದೆ?"

ಹೇಳಿದೆ. ಕೈ ಈ ಸಲ ತಪ್ಪಲಿಲ್ಲ.

ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ನನ್ನ ತಲೆ ಸವರಲೂ ಇಲ್ಲ. "ನಿನ್ನ ಹೆಂಡತಿಗೆ ಹೇಳಿ ಬಂದ್ಯಾ?" ಎಂದಳು.

"ಇಲ್ಲ."

"ಹೋಗಿ ಮೊದಲು ಅವಳಿಗೆ ಹೇಳು. ನನ್ನ ಹತ್ರ ಮಾತು ಆಮೇಲೆ."

ಜೂನ್ ೧೪, ಶುಕ್ರವಾರ

ಅಮಾನತಿನ ಪತ್ರ ಬಂತು. ಮಧ್ಯಾಹ್ನ ಮಲಗಿದವನು ಸಂಜೆ ಎದ್ದೆ. ಬಹಳ ದಿನದ ನಿದ್ದೆ.

ಜುಲೈ ೫, ಶುಕ್ರವಾರ

ಆಯೋಗದ ಆದೇಶ: ರೂಲ್ ಇವತ್ತಿನಿಂದಲೇ ತೆಗೆಯಬೇಕು, ಹೀಗೆ ನಿಧಾನ ಮಾಡುವುದಿದ್ದರೆ ಜನಕ್ಕೆ ಮೊದಲೇ ತಿಳಿಸಬೇಕು. ಅದೊಂದು ಪ್ರಯೋಗವಾಗಿತ್ತು ಎಂದು ಕಂಪನಿ ಹೇಳಿಕೊಂಡಿದೆ. ನನ್ನನ್ನು ಕೆಲಸದಿಂದ ತೆಗೆದ ಪತ್ರವೂ ಇವತ್ತೇ ಕೈಸೇರಿತು, ಗುಟ್ಟು ಬಿಟ್ಟುಕೊಟ್ಟ ಕಾರಣಕ್ಕೆ. ಹೆಂಡತಿ ಎರಡು ಸಲ ಓದಿ ಮಡಚಿಟ್ಟಳು. "ಸಂಘದವರ ವಕೀಲರಿಗೆ ತೋರಿಸೋಣ" ಎಂದಳು. ತೋರಿಸಬಹುದು. ಇವತ್ತಲ್ಲ.

'ಕ್ಷಮಿಸಿ' ಫೋನು ಮಾಡಿದ್ದಳು. ಆ ನಾಲ್ಕು ಸಲ ಮೊಡೆಮ್ ಆಫ್ ಮಾಡಿದ ಮುದುಕರಿಗೆ ಅವಳೇ ಕರೆ ಮಾಡಿ, ತಪ್ಪು ನಿಮ್ಮದಾಗಿರಲಿಲ್ಲ ಎಂದು ಹೇಳಿದಳಂತೆ. ಅವರು ಮತ್ತೆ ಥ್ಯಾಂಕ್ಸ್ ಹೇಳಿದರಂತೆ.

ಜುಲೈ ೭, ಭಾನುವಾರ

ಅಕ್ಕ ಒಂದು ಲಿಂಕು ಕಳಿಸಿದ್ದಳು. ಜೊತೆಗೆ ಬೇರೆ ಮಾತಿಲ್ಲ. ಎಂಟಕ್ಕೆ ತೆರೆದೆ. ಮೂವತ್ತೆಂಟು ಚೌಕ, ಒಂದೊಂದರಲ್ಲೂ ಒಂದು ಮುಖ. ಎಲ್ಲರ ಕೈಯೂ ಒಟ್ಟಿಗೆ ಆಡುತ್ತಿತ್ತು, ಸಂತೆಯ ಹಾಗೆ, ಸದ್ದಿಲ್ಲದೆ. ಮೇಲಿನ ಚೌಕದಲ್ಲಿ ಮೇಷ್ಟ್ರು. ಅಕ್ಕ ಮೂರು ಸಲ ಮೆಟ್ಟಿಲು ಹತ್ತಿ ಬಂದ ಮೇಲೆ ಒಪ್ಪಿದ್ದು ಎಂದು ಆಮೇಲೆ ತಿಳಿಯಿತು.

ಅವರು ಸುದ್ದಿ ಹೇಳಲು ಶುರು ಮಾಡಿದರು. ಚಿತ್ರ ನಿಚ್ಚಳವಾಗಿತ್ತು. ಅದರಿಂದಲೇ ಕಾಣಿಸಿತು, ಅವರ ಕೈ ನಿಜವಾಗಿಯೂ ನಡುಗುತ್ತದೆ. ಕಿರುಬೆರಳು ಪೂರ್ತಿ ಮಡಚುವುದಿಲ್ಲ, ಕೆಲವು ಸನ್ನೆ ಅರ್ಧಕ್ಕೇ ನಿಲ್ಲುತ್ತದೆ. ಅದು ನನ್ನ ರೂಲಿನಿಂದ ಆದದ್ದಲ್ಲ, ವಯಸ್ಸಿನಿಂದ. ಎಲ್ಲರೂ ನೋಡಿದರು. ಯಾರೂ ಏನೂ ಹೇಳಲಿಲ್ಲ. ಅರ್ಥವಾಗದ ಕಡೆ ಒಬ್ಬರನ್ನೊಬ್ಬರು ಕೇಳಿಕೊಂಡರು.

ಕೊನೆಗೆ ಅವರ ಕಣ್ಣು ನನ್ನ ಚೌಕಕ್ಕೆ ಬಂತು. "ಹೊಸ ಮುಖ. ಯಾರು?"

ಅಕ್ಕ ಹೇಳುತ್ತಾಳೇನೋ ಎಂದು ಕಾದೆ. ಅವಳು ಹೇಳಲಿಲ್ಲ. ನಾನೇ ಹೇಳಿದೆ. ಯಾರ ತಮ್ಮ ಎಂಬುದನ್ನೂ ಹೇಳಿದೆ, ಏನು ಮಾಡಿದೆ ಎಂಬುದನ್ನೂ ಹೇಳಿದೆ. ಮೂವತ್ತೇಳು ಚೌಕದಲ್ಲಿ ಒಂದು ಕೈಯೂ ಆಡಲಿಲ್ಲ.

ಮೇಷ್ಟ್ರು ಮೀಸೆ ಸವರಿಕೊಂಡರು. "ಈಗ ಏನು ಕೆಲಸ ನಿಂಗೆ?"

"ಯಾವುದೂ ಇಲ್ಲ."

"ಹಾಗಾದ್ರೆ ನಾಳೆಯಿಂದ ದಿನಾ ಬಾ" ಎಂದರು. "ಪೇಪರ್ ಓದ್ಕೊಂಡು ಬಾ. ಅರ್ಧ ಸುದ್ದಿ ನಾನು ಹೇಳ್ತೀನಿ. ನನ್ನ ಕೈ ಸೋತಾಗ ಉಳಿದಿದ್ದು ನೀನು ಹೇಳು."